ಬ್ರೇಕ್ ತೃಪ್ತಿಕರ

ನಮ್ಮ ಪತ್ರಿಕೆಯ ಬೆನ್ನು ಹೋದ ದಿನ ನಾನು ಪ್ರೆಸ್ಸಿನಲ್ಲೇ ಇದ್ದೆ. ಅಲ್ಲಿಯವರೆಗೆ ಪುಟಗಳನ್ನು ಪುಸ್ತಕದ ಹಾಗೆ ಅಂಟು ಹಾಕಿ ಕಟ್ಟುತ್ತಿದ್ದರು. ಬೆನ್ನಿನ ಮೇಲೆ ತಿಂಗಳ ಹೆಸರು ಅಚ್ಚಾಗುತ್ತಿತ್ತು. ಅಂದು ಪ್ರೆಸ್ಸಿನವರು ಮಡಿಸಿದ ಹಾಳೆಗಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, "ಇದಕ್ಕೆ ಅಂಟು ಕೂರಲ್ಲ ಮೇಡಂ, ತುಂಬಾ ತೆಳ್ಳಗಾಯ್ತು. ಪಿನ್ನೇ ಹೊಡೀಬೇಕು," ಎಂದರು. ಮದುವೆ ಲೆಕ್ಕಪತ್ರದ ಪುಸ್ತಕಕ್ಕೆ ಹೊಡೆದ ಹಾಗೆ ಎರಡು ಪಿನ್ನು ಬಿತ್ತು. ಮೊದಲ ಪ್ರತಿ ಹಿಡಿದುಕೊಂಡು ಬಸ್ಸಿನಲ್ಲಿ ಬರುವಾಗ ಅದನ್ನು ನೋಡದೆ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ. ತೂಕ ಇಳಿಯುತ್ತಿರುವ ಮನೆಯವರನ್ನು ಆಸ್ಪತ್ರೆಗೆ ತೋರಿಸಲು ಮುಂದೂಡುತ್ತಾ ಬರುತ್ತೇವಲ್ಲ, ಹಾಗೆ.

ಕಾರುಗಳ ಬಗ್ಗೆ ಮಾತ್ರ ಬರೆಯುವ ಕನ್ನಡ ಮಾಸಪತ್ರಿಕೆ ಅದು. ಗಂಗಾನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ಕಚೇರಿ. ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದವಳು. ಆಗ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದೂ ನನಗೆ ಗೊತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಓದುಗರು 'ಅಳತೆ ಪುಟ' ಎಂದು ಕರೆಯುತ್ತಿದ್ದ ಪುಟ ನನ್ನ ಪಾಲಿಗೆ ಬಂತು. ಪರೀಕ್ಷೆ ಮಾಡಿದ ಪ್ರತಿ ಕಾರಿಗೂ ಒಂದು ಕೋಷ್ಟಕ ಇರುತ್ತಿತ್ತು: ಎಷ್ಟು ಮೀಟರಿಗೆ ನಿಲ್ಲುತ್ತದೆ, ಡಿಕ್ಕಿಯಲ್ಲಿ ಎಷ್ಟು ಚೀಲ ಹಿಡಿಸುತ್ತದೆ, ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಎಷ್ಟು ಜಾಗ. ಕಾರು ಕೊಳ್ಳುವ ಯೋಚನೆಯೇ ಇಲ್ಲದವರೂ ಆ ಪುಟವನ್ನು ಮೊದಲು ತೆರೆಯುತ್ತಿದ್ದರು.

ಅಳೆಯುತ್ತಿದ್ದವರು ನಮ್ಮ ಪರೀಕ್ಷಕರು. ಯಶವಂತಪುರದವರು. ಬಸ್ ಡಿಪೋ ಒಂದರ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಬ್ರೇಕ್ ಕೆಲಸ ಮಾಡಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದಿದ್ದರು. ಗಾಜಿಗೆ ಅಂಟಿಸುವ ಅಳತೆ ಯಂತ್ರವನ್ನು ಸಂಪಾದಕರು ತಂದುಕೊಟ್ಟ ಮೇಲೂ ಅವರು ಟೇಪು ಬಿಡಲಿಲ್ಲ. "ಮಿಷನ್ ಏನ್ ಹೇಳುತ್ತೋ ಹೇಳ್ಲಿ. ನೀನ್ ಟೇಪ್ ಹಿಡಿಯಮ್ಮ," ಎನ್ನುತ್ತಿದ್ದರು. ರಾಜಾನುಕುಂಟೆ ದಾಟಿ ಒಂದು ಹೊಸ ಲೇಔಟ್ ಇತ್ತು. ಡಾಂಬರು ರಸ್ತೆ, ದೀಪದ ಕಂಬ, ಸೈಟುಗಳ ಕಲ್ಲು ಎಲ್ಲ ಇತ್ತು, ಮನೆ ಮಾತ್ರ ಒಂದೂ ಇರಲಿಲ್ಲ. ಅದರ ಉದ್ದನೆಯ ರಸ್ತೆಯೇ ನಮ್ಮ ಪರೀಕ್ಷೆಯ ಜಾಗ. ಸಂಸಾರ ಸಮೇತ ಹೊರಟ ಕಾರಿನಷ್ಟು ಭಾರ ಬರಲೆಂದು ಹಿಂದಿನ ಸೀಟಿನಲ್ಲಿ ಮರಳಿನ ಚೀಲಗಳನ್ನು ಕೂರಿಸಿ, ಬೆಲ್ಟ್ ಹಾಕಿ, ಅವರು ಎಂಬತ್ತರ ವೇಗದಲ್ಲಿ ಬಂದು ಬಿಳಿ ಗೆರೆಯ ಮೇಲೆ ಬ್ರೇಕ್ ಒತ್ತುತ್ತಿದ್ದರು. ಒಂದು ಸಲವಲ್ಲ, ಬಿಡುವಿಲ್ಲದೆ ಹತ್ತು ಸಲ. ಮೊದಲ ಸಲ ಎಲ್ಲ ಕಾರೂ ನಿಲ್ಲುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದಾ ನೋಡಬೇಕು ಎನ್ನುವುದು ಅವರ ಮಾತು.

ಕೊರೊನಾ ಕಳೆದ ಮೇಲೆ ಪತ್ರಿಕೆ ಮೊದಲಿನಂತೆ ಆಗಲೇ ಇಲ್ಲ. ಆರ್.ಟಿ. ನಗರದ ಬಸ್ ಸ್ಟಾಪಿನ ಹತ್ತಿರದ ಪತ್ರಿಕೆ ಅಂಗಡಿಯವರು ನಮ್ಮ ಸಂಚಿಕೆಗಳನ್ನು ದಾರ ಬಿಚ್ಚದೆ ವಾಪಸು ಕಳಿಸಲು ಶುರು ಮಾಡಿದರು. ಆಮೇಲೆ ಅಂಗಡಿಯೇ ಹೋಗಿ ಅಲ್ಲಿ ಮೊಬೈಲ್ ಕವರ್ ಮಾರುವವರು ಬಂದರು. ಏಳು ಜನರಿದ್ದ ಕಚೇರಿಯಲ್ಲಿ ನಾಲ್ವರಾದೆವು: ಸಂಪಾದಕರು, ಪರೀಕ್ಷಕರು, ಪುಟ ಜೋಡಿಸುವ ಹುಡುಗ, ನಾನು. ಛಾಯಾಗ್ರಾಹಕರು ಬಿಟ್ಟು ಹೋದ ಮೇಲೆ ಅವರ ಕುರ್ಚಿಯನ್ನು ಯಾರೂ ಎತ್ತಿಡಲಿಲ್ಲ. ಬಂದವರು ಅದರ ಮೇಲೆ ಹೆಲ್ಮೆಟ್ ಇಡುತ್ತಿದ್ದರು. ಕಾರು ಕಂಪನಿಗಳು ಪರೀಕ್ಷೆಗೆ ಕಾರು ಕೊಡುವುದನ್ನೂ ಕಡಿಮೆ ಮಾಡಿದವು. ವಿಡಿಯೊ ಮಾಡುವವರಿಗೆ ಮೊದಲು, ನಮಗೆ ಕೊನೆಗೆ, ಅದೂ ಒಂದು ಮಧ್ಯಾಹ್ನದ ಮಟ್ಟಿಗೆ.

ಅಂಥ ಹೊತ್ತಿನಲ್ಲಿ ಒಂದು ಚಿಕ್ಕ ಆಟೋಮ್ಯಾಟಿಕ್ ಕಾರು ನಮಗೆ ಎರಡು ದಿನಕ್ಕೆ ಸಿಕ್ಕಿತು. ಕಂಪನಿಯ ಹೆಸರು ಇಲ್ಲಿ ಬೇಡ. ಹಿಂದಿನ ರಕ್ಷಾಪುಟಕ್ಕೆ ಪ್ರತಿ ತಿಂಗಳೂ ಜಾಹೀರಾತು ಕೊಡುತ್ತಿದ್ದವರು ಅವರೊಬ್ಬರೇ ಉಳಿದಿದ್ದರು ಎಂದರೆ ಸಾಕು.

ಬೆಳಿಗ್ಗೆ ಲೇಔಟಿಗೆ ಹೋದಾಗ ಕಾವಲಿನ ಮುದುಕ ಎಂದಿನಂತೆ ಸರಪಳಿ ಬಿಚ್ಚಲಿಲ್ಲ. ರಸ್ತೆಯ ಆ ತುದಿಯಲ್ಲಿ ಎರಡು ಮನೆ ಎದ್ದಿದ್ದವು, ಮೂರನೆಯದಕ್ಕೆ ಮರಳು ಸುರಿದಿದ್ದರು.

"ಇಂಗೆ ಇನ್ಮುಂದೆ ಆಗಾಕಿಲ್ಲ ಸಾ. ಜನ ಬಂದವ್ರೆ. ಉಡುಗ್ರು ಆಡ್ತವೆ ರೋಡಲ್ಲಿ," ಎಂದ.

"ಇವತ್ತೊಂದಿನ ಕಣಪ್ಪ. ಶಾಲೆ ಹೊತ್ತು, ಯಾರೂ ಬರಲ್ಲ," ಎಂದು ಪರೀಕ್ಷಕರು ಒಪ್ಪಿಸಿದರು. ಮುದುಕ ತಾನೇ ಹೋಗಿ ಆ ಮನೆಗಳ ಮುಂದೆ ನಿಂತುಕೊಂಡ.

ಮೊದಲ ಸಲ ಕಾರು ಇಪ್ಪತ್ತೆಂಟು ಮೀಟರಿಗೆ ನಿಂತಿತು. ಐದನೆಯ ಸಲದವರೆಗೂ ಹೆಚ್ಚು ವ್ಯತ್ಯಾಸವಿಲ್ಲ. ಆರನೆಯದಕ್ಕೆ ಪರೀಕ್ಷಕರು ಮಾತು ನಿಲ್ಲಿಸಿದರು. ಏಳನೆಯದಕ್ಕೆ ಕಿಟಕಿಯಿಂದ ವಾಸನೆ ಬಂತು. ರಬ್ಬರೂ ಅಲ್ಲ, ಕೂದಲೂ ಅಲ್ಲ, ಎರಡೂ ಸೇರಿ ಸುಟ್ಟಂಥದ್ದು. ಒಂಬತ್ತನೆಯ ಸಲ ನಾನು ಟೇಪು ಹಿಡಿದು ರಸ್ತೆಯ ಪಕ್ಕ ನಿಂತಿದ್ದೆ. ಕಾರು ಬಿಳಿ ಗೆರೆಗೆ ಬಂತು, ದಾಟಿತು, ನಾನು ಊಹಿಸಿದ್ದ ಜಾಗವನ್ನೂ ದಾಟಿತು. ಒಳಗೆ ಪರೀಕ್ಷಕರು ಸೀಟಿನಿಂದ ಎದ್ದು ನಿಂತವರಂತೆ ಪೆಡಲ್ ಮೇಲೆ ಬಿದ್ದಿದ್ದು ಕಾಣಿಸಿತು. ಮರಳಿನ ಗುಡ್ಡೆಗೆ ಒಂದು ಮಾರು ಇರುವಾಗ ಕಾರು ನಿಂತಿತು. ನಲವತ್ತೊಂದು ಮೀಟರ್.

ಅವರು ಇಳಿದು ಚಕ್ರಗಳ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಮುಟ್ಟಲಿಲ್ಲ. ಹತ್ತನೆಯ ಸಲ ಓಡಿಸಲೂ ಇಲ್ಲ.

"ಪೆಡಲ್ ನೆಲಕ್ಕೆ ಹೋಯ್ತಮ್ಮ. ಕಾಲ್ ಕೆಳಗೆ ಏನೂ ಇರ್ಲಿಲ್ಲ," ಎಂದರು. "ಊರೊಳಗೆ ಗೊತ್ತಾಗಲ್ಲ. ಯಾವನಾದ್ರೂ ಮನೆಯವರನ್ನೆಲ್ಲ ಕೂರಿಸ್ಕೊಂಡು ಬೆಟ್ಟ ಇಳಿದ್ರೆ ಗೊತ್ತಾಗುತ್ತೆ. ಬರ್ಕೊ. ಒಂದ್ ಅಕ್ಷರ ಬಿಡ್ಬೇಡ."

ನಾನು ಒಂದಕ್ಷರ ಬಿಡದೆ ಬರೆದುಕೊಂಡೆ.

ಸಂಪಾದಕರು ಕೆಟ್ಟವರಲ್ಲ. ತಮ್ಮ ಜೀವಮಾನವನ್ನೇ ಈ ಪತ್ರಿಕೆಗೆ ಹಾಕಿದವರು. ಕೋಷ್ಟಕ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ಸಲ ಅಳತೆ ಪುಟಕ್ಕೆ ಜಾಗ ಇಲ್ಲ. ಮುಂದಿನ ತಿಂಗಳು ನೋಡೋಣ," ಎಂದರು. ಪರೀಕ್ಷಕರು ನಿಂತೇ ಇದ್ದರು. "ಜಾಗ ಇಲ್ವೋ, ಧೈರ್ಯ ಇಲ್ವೋ?" ಎಂದು ಕೇಳಿದರು. ಪರೀಕ್ಷಕರು ತಮ್ಮ ಟೇಪನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿದು ಹೋದರು. ಮಾರನೆಯ ದಿನದಿಂದ ಬರಲಿಲ್ಲ.

ಕೋಷ್ಟಕ ತೆಗೆದ ಜಾಗದಲ್ಲಿ ಕಾರಿನ ದೊಡ್ಡ ಚಿತ್ರ ಹಾಕಿದೆವು. ಚಿತ್ರದ ಕೆಳಗೆ ನಾಲ್ಕು ಸಾಲು ಬೇಕಾಗಿತ್ತು. ಕಂಪನಿ ಕಳಿಸಿದ್ದ ಹಾಳೆ ನೋಡಿಕೊಂಡು ನಾನು ಬರೆದೆ: ಸೀಟು ಆರಾಮ. ಏಸಿ ಚುರುಕು. ಸ್ಟೀರಿಂಗ್ ಹಗುರ. ಬ್ರೇಕ್ ತೃಪ್ತಿಕರ. ಆ ಕೊನೆಯ ಎರಡು ಪದ ಬರೆಯಿರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೂರು ಸಾಲಾಗಿತ್ತು, ನಾಲ್ಕನೆಯದು ಬೇಕಿತ್ತು, ಬರೆದುಬಿಟ್ಟೆ.

ಸಂಚಿಕೆ ಹೊರಬಿದ್ದ ವಾರದಲ್ಲಿ ಒಂದು ಫೋನ್ ಬಂತು. ದನಿ ಪರಿಚಿತ. ಯಲಹಂಕದ ಓದುಗರೊಬ್ಬರು, ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು. ಅಳತೆ ಪುಟದಲ್ಲಿ ಒಂದು ಅಂಕಿ ತಪ್ಪಿದರೂ ಫೋನ್ ಮಾಡುತ್ತಿದ್ದರು. ನನ್ನನ್ನು ಅವರು ನೋಡಿರಲಿಲ್ಲ, ನಾನು ಅವರನ್ನು ನೋಡಿರಲಿಲ್ಲ, ಆದರೂ ಹತ್ತು ವರ್ಷದ ಬಳಕೆ.

"ಏನಮ್ಮ, ಅಳತೆ ಪುಟವೇ ಕಾಣ್ತಿಲ್ವಲ್ಲ? ನಮ್ಮನೆ ಕಾಪಿಯಲ್ಲಿ ಮಾತ್ರ ಬಿಟ್ಟೋಗಿದ್ಯಾ?"

"ಇಲ್ಲ ಸಾರ್. ಈ ಸಲ ಜಾಗ ಇರ್ಲಿಲ್ಲ."

"ಅಯ್ಯೋ, ಅದನ್ನೇ ಕಾಯ್ತಿದ್ದೆ. ನಮ್ಮನೆಯವರಿಗೆ ಮಂಡಿ ನೋವು, ಬಸ್ ಹತ್ತಕ್ಕಾಗಲ್ಲ. ಹಳೇ ಕಾರು ಕೊಟ್ಬಿಟ್ಟು ಇದನ್ನ ತಗೊಳೋಣ ಅಂತ. ನನಗೂ ಕ್ಲಚ್ ತುಳಿದು ಸಾಕಾಗಿದೆ. ನಿಲ್ಲೋದು ಹೇಗಿದೆ, ಪರವಾಗಿಲ್ವಾ?"

ಸಂಪಾದಕರು ಎದುರಿನ ಮೇಜಿನಲ್ಲಿ ಕುಳಿತು ಕಾಗದ ನೋಡುತ್ತಿದ್ದರು. ಅವರು ಹಾಳೆ ತಿರುವುವುದು ನಿಂತಿತ್ತು. ನಾನು ಮೇಜಿನ ಮೇಲೆ ತೆರೆದಿದ್ದ ಸಂಚಿಕೆಯನ್ನು ಮುಚ್ಚಿದೆ.

"ಸರಿ ಬಿಡಿ, ತೃಪ್ತಿಕರ ಅಂತ ಬರ್ದಿದೀರಲ್ಲ. ನೀವು ಬರೆದ್ರೆ ಆಯ್ತು," ಎಂದು ಅವರೇ ನನ್ನ ಕೆಲಸ ಹಗುರ ಮಾಡಿ ಫೋನ್ ಇಟ್ಟರು.

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಹೇಳುವುದು ಕಷ್ಟ. ದಿನವೂ ಕೆಂಪಾಪುರದ ನನ್ನ ಮನೆಯಿಂದ ಹೊರಟು ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸಿಗೆ ನಿಂತರೆ ಏರ್‌ಪೋರ್ಟ್ ರಸ್ತೆಯಿಂದ ಇಳಿದು ಬರುವ ಕಾರುಗಳೆಲ್ಲ ನನ್ನ ಕಡೆಗೇ ಬರುತ್ತಿರುವಂತೆ ಅನ್ನಿಸುತ್ತಿತ್ತು. ಅವುಗಳಲ್ಲಿ ಆ ಚಿಕ್ಕ ಕಾರು ಎಷ್ಟಿವೆ ಎಂದು ಕಣ್ಣು ಹುಡುಕುತ್ತಿತ್ತು. ಮೊದಲು ಅಲ್ಲೊಂದು ಇಲ್ಲೊಂದು. ಆಮೇಲೆ ಹುಡುಕಬೇಕಾಗಿರಲಿಲ್ಲ. ಚಂದಾದಾರರ ಪುಸ್ತಕದಲ್ಲಿ ಯಲಹಂಕದ ಆ ಓದುಗರ ಮನೆಯ ನಂಬರ್ ಇತ್ತು. ನಾಳೆ ಮಾಡುತ್ತೇನೆ ಎಂದುಕೊಳ್ಳುತ್ತಿದ್ದೆ. ಮುಂದಿನ ಸಂಚಿಕೆಯಲ್ಲೂ ಅಳತೆ ಪುಟ ಬರಲಿಲ್ಲ. ಅದು ಯಾಕಿಲ್ಲ ಎಂದು ಕೇಳಲು ಯಾರೂ ಫೋನ್ ಮಾಡಲೂ ಇಲ್ಲ.

ಕೊನೆಗೆ ಒಂದು ಶನಿವಾರ ಸಂಜೆ ಮನೆಯಿಂದಲೇ ಆ ಓದುಗರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ. ನಾನು ಯಾರೆಂದು ಹೇಳಿದ ತಕ್ಷಣ ಅವರಿಗೆ ಎಲ್ಲಿಲ್ಲದ ಖುಷಿ.

"ಓ, ಪತ್ರಿಕೆಯವರಾ! ಕಾರ್ ಬಂತಮ್ಮ, ಮೊನ್ನೆ ಪೂಜೆನೂ ಆಯ್ತು. ಇವರು ದೇವಸ್ಥಾನಕ್ಕೆ ಹೋಗಿದಾರೆ. ನಾಳೆ ಬೆಳಿಗ್ಗೆನೇ ನಂದಿ ಬೆಟ್ಟಕ್ಕೆ ಹೋಗ್ತಿದೀವಿ, ಇವರ ತಂಗಿ, ತಂಗಿ ಯಜಮಾನ್ರು, ಅವರ ಮಗಳು, ಎಲ್ಲಾರೂ. ಚಿತ್ರಾನ್ನಕ್ಕೆ ರೆಡಿ ಮಾಡ್ತಾ ಇದ್ದೆ."

ನಾನು ಮಧ್ಯೆ ಬಾಯಿ ಹಾಕಿದೆ. "ಅಮ್ಮಾ, ಸಾರ್‌ಗೆ ಒಂದ್ ಮಾತು ಹೇಳಿ. ಬೆಟ್ಟ ಇಳೀವಾಗ ಬ್ರೇಕ್ ಒತ್ಕೊಂಡೇ ಬರ್ಬೇಡಿ ಅಂತ. ಗೇರ್ ಕೆಳಗೆ ಹಾಕ್ಕೊಂಡು ನಿಧಾನ ಇಳೀಬೇಕು."

ಅವರು ನಕ್ಕರು. "ಇದರಲ್ಲಿ ಗೇರೇ ಇಲ್ಲಮ್ಮ, ಆಟೋಮ್ಯಾಟಿಕ್ಕು."

"ಇರುತ್ತೆ ಅಮ್ಮ, ಅದೇ ಕೋಲಲ್ಲಿ ಎಲ್ ಅಂತ ಒಂದು ಅಕ್ಷರ ಇರುತ್ತೆ. ಬಂದ ತಕ್ಷಣ ನನಗೆ ಫೋನ್ ಮಾಡಕ್ಕೆ ಹೇಳಿ."

"ಹೇಳ್ತೀನಮ್ಮ. ಒಲೆ ಮೇಲೆ ಏನೋ ಸೀಯ್ತಾ ಇದೆ," ಎಂದು ಇಟ್ಟುಬಿಟ್ಟರು. ಯಜಮಾನರ ಮೊಬೈಲ್ ನಂಬರ್ ಕೇಳಬೇಕಿತ್ತು ಎಂದು ಆಮೇಲೆ ಹೊಳೆಯಿತು. ಮತ್ತೆರಡು ಸಲ ಮಾಡಿದೆ. ಎತ್ತಲಿಲ್ಲ. ಅವರಿಂದಲೂ ಫೋನ್ ಬರಲಿಲ್ಲ.

ಭಾನುವಾರ ಬೆಳಕು ಹರಿಯುತ್ತಿದ್ದಂತೆ ಮತ್ತೆ ಮಾಡಿದೆ. ರಿಂಗಾಗುತ್ತಲೇ ಇತ್ತು. ಅವರು ಹೊರಟುಬಿಟ್ಟಿದ್ದರು. ಆಗ ನಾನು ಪರೀಕ್ಷಕರಿಗೆ ಫೋನ್ ಮಾಡಿದೆ. ಅವರು ಪತ್ರಿಕೆ ಬಿಟ್ಟ ಮೇಲೆ ಅದೇ ಮೊದಲು. ಎಲ್ಲ ಕೇಳಿ, ಬೈಯಲಿಲ್ಲ. "ಎಷ್ಟ್ ಜನ?" ಎಂದು ಕೇಳಿದರು. ಐದು ಎಂದೆ. "ಹೆಬ್ಬಾಳದ ಹತ್ರ ನಿಂತಿರು. ಬಂದೆ."

ತಮ್ಮ ಹಳೆಯ ಕಾರಿನಲ್ಲಿ ಬಂದರು. ದೇವನಹಳ್ಳಿ ದಾಟಿದೆವು. ಬೆಟ್ಟದ ಬುಡದಲ್ಲಿ ಕಾರುಗಳ ಸಾಲು ಇತ್ತು. ಸೂರ್ಯೋದಯ ನೋಡಿದವರು ಇಳಿಯುವ ಹೊತ್ತು, ತಡವಾಗಿ ಎದ್ದವರು ಹತ್ತುವ ಹೊತ್ತು. ಎದುರು ಬರುವ ಅಂಥ ಪ್ರತಿ ಚಿಕ್ಕ ಕಾರನ್ನೂ ನಾನು ಬಗ್ಗಿ ನೋಡುತ್ತಿದ್ದೆ. ಯಾರ ಮುಖವನ್ನು ಹುಡುಕಬೇಕೆಂದೇ ನನಗೆ ಗೊತ್ತಿರಲಿಲ್ಲ. ಕೆಲವು ತಿರುವು ಹತ್ತಿದ್ದೆವು, ಪರೀಕ್ಷಕರು ಕಿಟಕಿಯ ಗಾಜು ಇಳಿಸಿದರು. ಮಂಜಿನ ತಣ್ಣನೆಯ ಗಾಳಿಯ ಜೊತೆಗೆ ಆ ವಾಸನೆ ಬಂತು. ರಬ್ಬರೂ ಕೂದಲೂ ಸೇರಿ ಸುಟ್ಟ ವಾಸನೆ.

"ಇಲ್ಲೇ ಇದೆ," ಎಂದರು.

ಮುಂದಿನ ತಿರುವಿನಲ್ಲಿ ಕಾರು ಬೆಟ್ಟದ ಕಡೆಯ ಚರಂಡಿಗೆ ಎರಡು ಚಕ್ರ ಇಳಿಸಿ ಬಂಡೆಗೆ ಮೂತಿ ಒತ್ತಿಕೊಂಡು ನಿಂತಿತ್ತು. ಮುಂದಿನ ಗಾಜು ಜೇಡರ ಬಲೆಯಾಗಿತ್ತು. ಪೂಜೆಯ ಹಾರದ ಚೆಂಡುಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ. ರಸ್ತೆಯ ಇನ್ನೊಂದು ಬದಿ ಮೊಣಕಾಲೆತ್ತರದ ಗೋಡೆ. ಅದರಾಚೆ ಏನೂ ಇಲ್ಲ, ಬರೀ ಮಂಜು. ಪೆಡಲ್ ನೆಲಕ್ಕೆ ಹೋದಾಗ ಓದುಗರು ಕಾರನ್ನು ಬೆಟ್ಟದ ಕಡೆಗೇ ಎಳೆದಿದ್ದರು. ಬೇರೆ ಕಡೆ ಎಳೆದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಐವರೂ ಬದುಕಿದ್ದರು. ತಂಗಿಯ ಮಗಳ ಹಣೆಗೆ ಗಾಯ. ಅವರ ಹೆಂಡತಿ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದರು. ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಓದುಗರು, ತೆಳ್ಳಗೆ ಎತ್ತರದ ಮನುಷ್ಯ, ಕಾರಿನ ಸುತ್ತ ಸುಮ್ಮನೆ ನಡೆಯುತ್ತಿದ್ದರು. ಪತ್ರಿಕೆಯಲ್ಲಿ ಬರುತ್ತಿದ್ದ ಚಿತ್ರದಿಂದ ಪರೀಕ್ಷಕರ ಗುರುತು ಹಿಡಿದರು.

"ನೀವು? ಇಲ್ಲಿ?"

"ಇದರ ಬ್ರೇಕ್ ನಾನು ನೋಡಿದ್ದೆ ಸಾರ್. ಬಿಸಿಯಾದ್ರೆ ಹಿಡಿಯಲ್ಲ. ಬರ್ಕೊಟ್ಟಿದ್ದೆ," ಎಂದರು ಪರೀಕ್ಷಕರು.

ಅವರು ನನ್ನ ಕಡೆ ತಿರುಗಿದರು. ನಾನು ಯಾರೆಂದು ಹೇಳಿದೆ. ತೃಪ್ತಿಕರ ಎಂದು ಬರೆದವಳು ನಾನೇ ಎಂದೂ ಹೇಳಿದೆ. ಗೊತ್ತಿದ್ದೂ ಬರೆದೆ ಎಂದೆ.

ಅವರು ಕೂಗಾಡಬಹುದು, ಹೊಡೆಯಲೂ ಬಹುದು ಎಂದುಕೊಂಡಿದ್ದೆ. ಅಷ್ಟರಲ್ಲಿ ಹೆಂಡತಿ ಕಲ್ಲಿನ ಮೇಲಿಂದಲೇ ಅಳುತ್ತಾ, "ಇವರದ್ದೇನೂ ತಪ್ಪಿಲ್ಲ ಕಣ್ರೀ. ನಿನ್ನೆ ಸಂಜೆ ಫೋನ್ ಮಾಡಿ ಹೇಳಿದ್ರು, ಬ್ರೇಕ್ ಒತ್ಕೊಂಡೇ ಬರ್ಬೇಡಿ ಅಂತ. ನಾನೇ ನಿಮಗೆ ಹೇಳೋದು ಮರ್ತೆ. ಚಿತ್ರಾನ್ನದ ಗಲಾಟೆಲಿ ಮರ್ತೇ ಹೋಯ್ತು," ಎಂದರು.

ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಏಟು ತಿನ್ನುವುದು ಸುಲಭವಿತ್ತು. ನಾನು ಎರಡು ತಿಂಗಳು ಹೇಳದೆ ಇಟ್ಟುಕೊಂಡಿದ್ದನ್ನು ಆಕೆ ಒಂದು ಸಂಜೆ ಮರೆತದ್ದಕ್ಕೆ ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರು. "ಇಲ್ಲಮ್ಮ, ನಿಮ್ಮದಲ್ಲ," ಎಂದು ಅವರ ಹತ್ತಿರ ಕುಳಿತೆ. ಅವರ ಗಂಡ, "ನೀವು ಏಳಿ ಅಲ್ಲಿಂದ," ಎಂದರು. ಎದ್ದೆ.

ಗಂಡಹೆಂಡತಿಯನ್ನು ಪರೀಕ್ಷಕರ ಕಾರಿನಲ್ಲೇ ಯಲಹಂಕದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಉಳಿದವರು ಬೇರೆ ಗಾಡಿ ಹಿಡಿದರು. ಇಳಿಯುವಾಗ ಪರೀಕ್ಷಕರು ಎರಡನೆಯ ಗೇರಿನಲ್ಲಿ ಬಂದರು. ಇಂಜಿನ್ ಗೊರಗೊರ ಅನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಆಕೆ ಪ್ರತಿ ತಿರುವಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಸೋಮವಾರ ಸಂಪಾದಕರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಮುಂದಿನ ಸಂಚಿಕೆಯ ಪುಟಗಳನ್ನು ಒಂದೊಂದಾಗಿ ತಿರುವಿದರು. ಕಡೆಗೆ, "ಹಾಕು. ಪೂರ್ತಿ ಪುಟ ಹಾಕು. ನಾವು ಮುಚ್ಚಿಟ್ಟಿದ್ದೂ ಹಾಕು, ನನ್ನ ಹೆಸರಲ್ಲಿ," ಎಂದರು. ಒಂಬತ್ತು ಸಲದ ಅಳತೆ, ಬೆಟ್ಟದಲ್ಲಿ ಆದದ್ದು, ತೃಪ್ತಿಕರ ಎಂದು ಬರೆದದ್ದು ಸುಳ್ಳು ಎನ್ನುವ ಮಾತು, ಎಲ್ಲ ಹಾಕಿದೆವು. ನಾನು ಕರಡನ್ನು ನಾಲ್ಕು ಸಲ ತಿದ್ದಿದೆ. ಪರೀಕ್ಷಕರು ಬಂದು ಅಂಕಿಗಳನ್ನು ತಮ್ಮ ಪುಸ್ತಕದ ಜೊತೆ ತಾಳೆ ನೋಡಿ ಸಹಿ ಹಾಕಿ ಹೋದರು. ಚಹಾ ಕುಡಿಯಿರಿ ಎಂದರೂ ನಿಲ್ಲಲಿಲ್ಲ.

ಸಂಚಿಕೆ ಹೊರಬಂದ ದಿನ ಮೂವರೂ ಫೋನಿನ ಸುತ್ತ ಕೂತಿದ್ದೆವು. ಕಂಪನಿಯ ವಕೀಲರು ನೋಟಿಸು ಕಳಿಸಬಹುದು, ಅಂಥದ್ದೇ ಕಾರಿರುವ ಓದುಗರು ಗಾಬರಿಯಾಗಿ ಕರೆ ಮಾಡಬಹುದು, ಯಾರಾದರೂ ಬಂದು ಕಲ್ಲೆಸೆಯಬಹುದು. ಎಲ್ಲದಕ್ಕೂ ಸಿದ್ಧರಾಗಿದ್ದೆವು. ಒಂದು ದಿನ ಕಳೆಯಿತು. ಒಂದು ವಾರ ಕಳೆಯಿತು. ಯಾರೂ ಫೋನ್ ಮಾಡಲಿಲ್ಲ. ಸಂಪಾದಕರು ನಡುನಡುವೆ ರಿಸೀವರ್ ಎತ್ತಿ ಲೈನ್ ಇದೆಯಾ ಎಂದು ಕಿವಿಗೆ ಹಿಡಿದು ನೋಡುತ್ತಿದ್ದರು. ಕಂಪನಿಯವರು ಕೋಪವನ್ನೂ ತೋರಿಸಲಿಲ್ಲ. ಜಾಹೀರಾತಿನ ವಿಷಯ ವಿಚಾರಿಸಿದಾಗ, ಈ ವರ್ಷದಿಂದ ಪತ್ರಿಕೆಗಳಿಗೆ ಕೊಡುತ್ತಿಲ್ಲ ಎಂದಷ್ಟೇ ಹೇಳಿದರು. ನಮ್ಮ ಪುಟವನ್ನು ಅವರು ನೋಡಿಯೇ ಇರಲಿಲ್ಲ. ನಾವು ಹೆದರಿ ಮುಚ್ಚಿಟ್ಟಿದ್ದನ್ನು ಆಗಲೇ ಹಾಕಿದ್ದರೂ ಬಹುಶಃ ನೋಡುತ್ತಿರಲಿಲ್ಲ.

ಎರಡು ವಾರದ ಮೇಲೆ ಯಲಹಂಕದಿಂದ ಕರೆ ಬಂತು. ಅವರ ಹೆಂಡತಿ. ಕೈಯ ಮೂಳೆಗೆ ತಂತಿ ಹಾಕಿದ್ದಾರೆ, ಬೆರಳು ಇನ್ನೂ ಪೂರ್ತಿ ಮಡಿಸಲು ಬರುವುದಿಲ್ಲ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇನ್ಮೇಲೆ ಪುಸ್ತಕ ಕಳಿಸ್ಬೇಡಿ ಅಂತ ಹೇಳು ಅಂದ್ರಮ್ಮ ಇವರು. ಅದಕ್ಕೇ ಮಾಡ್ದೆ."

"ಈ ತಿಂಗಳದ್ದು ನೋಡಿದ್ರಾ ಅಮ್ಮ? ಅದರಲ್ಲಿ ಎಲ್ಲಾ ಹಾಕಿದೀವಿ."

"ಬಂದಿದೆ. ಕವರ್ ಒಡೆದಿಲ್ಲ," ಎಂದರು.

ಅದಾದ ಮೇಲೆ ಇನ್ನೆರಡು ಸಂಚಿಕೆ ತಂದೆವು. ಕೊನೆಯದಕ್ಕೆ ಪಿನ್ನು ಒಂದೇ ಸಾಕಾಯಿತು. ಕಚೇರಿ ಖಾಲಿ ಮಾಡಿದ ದಿನ ಹಳೆಯ ಸಂಚಿಕೆಗಳನ್ನು ತೂಕಕ್ಕೆ ಹಾಕಲು ಮನಸ್ಸಾಗದೆ ಸಂಪಾದಕರು ಒಂದು ಗ್ರಂಥಾಲಯಕ್ಕೆ ಕೇಳಿದರು. ಜಾಗವಿಲ್ಲ ಎಂದರು ಅಲ್ಲಿಯವರು. ಆಮೇಲೆ ಏನು ಮಾಡಿದರೋ, ನಾನು ಕೇಳಲಿಲ್ಲ.

ಈಗ ನಾನು ಮನೆಯಲ್ಲೇ ಕೂತು, ಕಾರುಗಳ ವಿಡಿಯೊಗಳಿಗೆ ಕನ್ನಡದಲ್ಲಿ ಮಾತು ಬರೆದುಕೊಡುತ್ತೇನೆ. ಕಾರು ನನ್ನ ಕಣ್ಣಿಗೆ ಬೀಳುವುದಿಲ್ಲ. ವಿಡಿಯೊದವರು ಕಳಿಸುವ ಇಂಗ್ಲಿಷ್ ಹಾಳೆ ಬರುತ್ತದೆ, ನಾನು ಕನ್ನಡ ಮಾಡಿ ವಾಪಸು ಕಳಿಸುತ್ತೇನೆ. ಹೋದ ತಿಂಗಳು ಬಂದ ಒಂದರಲ್ಲಿ 'ಘಟ್ಟ ಇಳಿಯುವಾಗಲೂ ಪೂರ್ತಿ ಭರವಸೆ' ಎಂದಿತ್ತು. ಫೋನ್ ಮಾಡಿ, ಯಾರಾದರೂ ಇಳಿಸಿ ನೋಡಿದ್ದಾರಾ ಎಂದು ಕೇಳಿದೆ.

ಆ ಕಡೆಯ ಹುಡುಗಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕ್ ಮೇಡಂ? ಕಂಪನಿಯವರೇ ಕಳಿಸಿರೋದಲ್ವಾ?" ಎಂದಳು. ಸಂಜೆಯೊಳಗೆ ಬೇಕು ಎಂದಳು.

ಆ ಸಾಲು ಬಿಟ್ಟು ಉಳಿದದ್ದನ್ನು ಕಳಿಸಿದೆ. ವಿಡಿಯೊ ಬಂದಾಗ ನೋಡಿದೆ. ಬೇರೆ ಯಾರೋ ಬರೆದು ಸೇರಿಸಿದ್ದರು. ಸಾಲು ಅಲ್ಲೇ ಇತ್ತು.